ಮೂರನೆಯ ಗೆರೆ ಇಲ್ಲದ ಮನುಷ್ಯ

ಯಾರನ್ನಾದರೂ ರಕ್ತ ಕೇಳಿದರೆ ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ಆಡಿನ ರಕ್ತ ಎಂದರೆ ಮಾತ್ರ ‘ಡಬ್ಬಿ ತಂದೀರೇನ್ರಿ?’ ಎನ್ನುತ್ತಾರೆ. ಶಹಾಬಾದಿನ ಮಟನ್ ಅಂಗಡಿಯವರು ನನ್ನನ್ನು ಮೊದಲ ದಿನ ಕೇಳಿದ್ದೂ ಅದನ್ನೇ. ನಾನು ಸೇಡಂನ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಹೇಳುವವಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಐಸ್ ಡಬ್ಬಿ ಹಿಡಿದು, ಬೆಳಿಗ್ಗೆ ಬೆಳಿಗ್ಗೆ ಅಂಗಡಿಯ ಮುಂದೆ ನಿಂತಾಗ ಪರಿಚಯದವರು ಯಾರೂ ಬಾರದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಬಂದೇ ಬರುತ್ತಿದ್ದರು.

ಪಿಎಚ್‌.ಡಿ. ಮುಗಿಸಬೇಕಿತ್ತು. ನನ್ನ ಪ್ರಶ್ನೆ ಕೇಳಲು ಸಣ್ಣದು. ಕೊರಳಿನ ಥೈರಾಯ್ಡ್ ಗ್ರಂಥಿ ಸುರಿಸುವ ಹಾರ್ಮೋನು ಜಿಡ್ಡಿನ ಸ್ವಭಾವದ್ದು. ರಕ್ತದೊಳಗೆ ಅದನ್ನು ಹಾಗೇ ಬಿಟ್ಟರೆ ಪಕ್ಕದಲ್ಲಿ ಸಿಕ್ಕ ಜೀವಕೋಶಗಳಿಗೇ ಅಂಟಿಕೊಂಡು ಕೂರುತ್ತದೆ, ಕಾಲಿನ ಬೆರಳ ತನಕ ಹೋಗುವುದೇ ಇಲ್ಲ. ಅದಕ್ಕೇ ರಕ್ತದಲ್ಲಿ ಕೆಲವು ಪ್ರೋಟೀನುಗಳು ಅದನ್ನು ಹೊತ್ತು ತಿರುಗುತ್ತವೆ. ಬೆನ್ನುಮೂಳೆಯ ಪ್ರಾಣಿಗಳಲ್ಲಿ ಈ ಹೊರುವವರು ಯಾವ ಕ್ರಮದಲ್ಲಿ ಬಂದರು ಎಂಬುದನ್ನು ನಮ್ಮ ಸುತ್ತಲಿನ ಪ್ರಾಣಿಗಳಲ್ಲೇ ಪಕ್ಕಪಕ್ಕ ಇಟ್ಟು ನೋಡುವುದು ನನ್ನ ಕೆಲಸ. ಅಲ್ಬುಮಿನ್ ಹಳೆಯದು, ಹೆಚ್ಚುಕಡಿಮೆ ಎಲ್ಲದರಲ್ಲೂ ಇದೆ. ಎರಡನೆಯದು ಟ್ರಾನ್ಸ್‌ಥೈರೆಟಿನ್, ಅದರ ವರ್ತನೆ ವಿಚಿತ್ರ. ಗೊದಮೊಟ್ಟೆ ಕಪ್ಪೆಯಾಗುವ ಹೊತ್ತಿಗೆ ಅದರ ರಕ್ತದಲ್ಲಿ ಕಾಣಿಸಿಕೊಂಡು, ಕಪ್ಪೆಯಾದ ಮೇಲೆ ಮಾಯವಾಗುತ್ತದೆ. ಓತಿಕ್ಯಾತದ ಮೆದುಳಿನಲ್ಲಿ ತಯಾರಾಗುತ್ತದೆ, ರಕ್ತಕ್ಕೆ ಇಳಿಯುವುದಿಲ್ಲ. ಕೋಳಿಯ ರಕ್ತದಲ್ಲಿ ಬದುಕಿಡೀ ಇರುತ್ತದೆ. ಮೂರನೆಯದು ಒಂದು ಗ್ಲಾಬ್ಯುಲಿನ್. ಇದು ತಡವಾಗಿ ಬಂದದ್ದು, ಆಡು, ದನ, ಮನುಷ್ಯ ಇಂಥ ದೊಡ್ಡ ಸಸ್ತನಿಗಳಲ್ಲಿ ಕಾಣುತ್ತದೆ. ತಡವಾಗಿ ಬಂದರೂ ಮನುಷ್ಯನಲ್ಲಿ ಹೆಚ್ಚಿನ ಹೊರೆ ಹೊರುವುದು ಇದೇ.

ಓಡಾಟಕ್ಕೆ ಒದಗಿದವನು ಭಂಕೂರದ ಒಬ್ಬ ಟಂಟಂ ಚಾಲಕ. ನನಗಿಂತ ಚಿಕ್ಕವನು, ಮಾತುಗಾರ. ಅವನ ಮೂರು ಗಾಲಿಯ ಗಾಡಿಯಲ್ಲಿ ಸವಾರಿಗಳ ಕಾಲಬುಡದಲ್ಲಿ ನನ್ನ ಐಸ್ ಡಬ್ಬಿ ಊರೂರು ತಿರುಗಿತು. ಒಳಗೇನಿದೆ ಎಂದು ಯಾರಾದರೂ ಕೇಳಿದರೆ ‘ಅಕ್ಕೋರ ಕುಲ್ಫಿ’ ಎಂದು ಬಿಡುತ್ತಿದ್ದ. ದಾರಿಯಲ್ಲಿ ಚಹಾಕ್ಕೆ ನಿಲ್ಲಿಸಿದರೆ ಗ್ಲಾಸಿನ ಚಹಾವನ್ನು ಬಶಿಗೆ, ಆ ಸಣ್ಣ ತಟ್ಟೆಯ ಅಂಚಿನವರೆಗೂ, ಸುರಿದುಕೊಂಡು, ಒಂದೇ ಅಂಗೈಯ ಮೇಲೆ ಬಶಿ ಇಟ್ಟುಕೊಂಡು, ಇನ್ನೊಂದು ಕೈ ಆಡಿಸುತ್ತ ಊರ ಸುದ್ದಿ ಹೇಳುತ್ತ ಕುಡಿಯುವುದು ಅವನ ಠೀವಿ. ಒಂದು ಹನಿ ಚೆಲ್ಲುತ್ತಿರಲಿಲ್ಲ.

ಆ ಮಳೆಗಾಲದಲ್ಲಿ ಭಂಕೂರದ ಸುತ್ತಲಿನ ಕಲ್ಲುಗಣಿಯ ಗುಂಡಿಗಳು ತುಂಬಿದ್ದವು. ನೆಲಕ್ಕೆ ಹಾಸುವ ಫರಸಿ ಕಲ್ಲು ತೆಗೆದ ಗುಂಡಿಗಳ ಅಂಚು ಮೆಟ್ಟಿಲು ಮೆಟ್ಟಿಲಾಗಿ ಇರುತ್ತದೆ, ನಿಂತ ನೀರಿನಲ್ಲಿ ಗೊದಮೊಟ್ಟೆಗಳು ಕಪ್ಪಗೆ ಮುತ್ತಿಕೊಂಡಿದ್ದವು. ಮುಂಗಾಲು ಆಗಷ್ಟೇ ಹೊರಬಂದು ಬಾಲ ಇನ್ನೂ ಉಳಿದಿರುವ ಹಂತದವೇ ನನಗೆ ಬೇಕು. ಒಂದೊಂದರಿಂದ ಸಿಗುವುದು ಸೂಜಿಮೊನೆಯಷ್ಟು ಸೀರಂ. ಹಲವನ್ನು ಕೂಡಿಸಿದರೆ ಒಂದು ನಳಿಕೆಯ ತಳ ಒದ್ದೆಯಾಗುತ್ತಿತ್ತು. ಓತಿಕ್ಯಾತಕ್ಕೆ ಅರಣ್ಯದವರ ಅನುಮತಿ ಬರುವ ಹೊತ್ತಿಗೆ ನನ್ನ ತಾಳ್ಮೆ ಮುಗಿದಿತ್ತು. ಚಿಂಚೋಳಿಯ ಕಾಡಂಚಿನಲ್ಲಿ ಹಿಡಿದು, ಬಾಲದ ರಕ್ತನಾಳದಿಂದ ಕೆಲವು ಹನಿ ತೆಗೆದು, ಅದೇ ಪೊದೆಗೆ ಬಿಟ್ಟು ಬಂದೆವು.

ಮನುಷ್ಯರ ರಕ್ತಕ್ಕೆ ಸಮಿತಿಯ ಒಪ್ಪಿಗೆ ಇತ್ತು. ಆದರೆ ಗಂಡಸರದೇ ಬೇಕು. ಬಸಿರು, ಹೆಣ್ಣು ಹಾರ್ಮೋನಿನ ಮಾತ್ರೆ ಇವುಗಳಿಂದ ಮೂರನೆಯ ಪ್ರೋಟೀನು ಏರುತ್ತದೆ, ಹೋಲಿಕೆ ಕೆಡುತ್ತದೆ. ಚಾಲಕನನ್ನೇ ಕೇಳಿದೆ.

‘ಏನರಾ ಗುಳಗಿ ತಗೋತೀಯೇನು? ಬಿಪಿ, ಸಕ್ಕರಿ?’

‘ಏನಿಲ್ರಿ ಅಕ್ಕೋರೆ. ಖಡಕ್ ಇದ್ದೀನಿ. ತಗೋರ್ರಿ ಎಷ್ಟು ಬೇಕು ಅಷ್ಟು. ಓತಿಕ್ಯಾತನ ಬಾಜೂಕೇ ಇಡ್ರಿ ನಂದೂ,’ ಎಂದು ತೋಳು ಚಾಚಿದ. ಕಾಲೇಜಿನ ಪಕ್ಕದ ಲ್ಯಾಬಿನವರು ರಕ್ತ ತೆಗೆದುಕೊಟ್ಟರು. ಸೀರಂ ಬೇರ್ಪಡಿಸಿ ಹೆಪ್ಪುಗಟ್ಟಿಸಿ ಇಟ್ಟೆ.

ಮುಂದಿನ ಕೆಲಸ ಹೈದರಾಬಾದಿನ ನನ್ನ ಮಾರ್ಗದರ್ಶಕರ ಪ್ರಯೋಗಾಲಯದಲ್ಲಿ. ಸೀರಂಗೆ ವಿಕಿರಣ ಸೂಸುವ ಅಯೋಡಿನ್ ಸೇರಿಸಿದ ಹಾರ್ಮೋನನ್ನು ಬೆರೆಸಬೇಕು. ಜೆಲ್ಲಿನ ಸಾಲುಗಳಲ್ಲಿ ಒಂದೊಂದು ಪ್ರಾಣಿಯ ಸೀರಂ ತುಂಬಿ ವಿದ್ಯುತ್ ಹರಿಸಿದರೆ ಪ್ರೋಟೀನುಗಳು ತಂತಮ್ಮ ವೇಗದಲ್ಲಿ ಓಡಿ ಬೇರೆಯಾಗುತ್ತವೆ. ಆಮೇಲೆ ಜೆಲ್ಲನ್ನು ಒಣಗಿಸಿ, ಅದರ ಮೇಲೆ ಎಕ್ಸ್‌ರೇ ಫಿಲ್ಮ್ ಇಟ್ಟು, ತಂಪು ಪೆಟ್ಟಿಗೆಯಲ್ಲಿ ಮುಚ್ಚಿಟ್ಟು ಕಾಯಬೇಕು. ಹಾರ್ಮೋನನ್ನು ಹೊತ್ತ ಪ್ರೋಟೀನು ಎಲ್ಲಿ ನಿಂತಿದೆಯೋ ಅಲ್ಲಿ ಫಿಲ್ಮಿನ ಮೇಲೆ ಕಪ್ಪು ಗೆರೆ ಮೂಡುತ್ತದೆ.

ಮೊದಲ ಫಿಲ್ಮ್ ತೊಳೆದು ಬೆಳಕಿಗೆ ಹಿಡಿದಾಗ ಆಡಿನ ಸಾಲು ಸೊಟ್ಟಗೆ ಹಿಂಜಿಕೊಂಡು ಪಕ್ಕದ ಸಾಲುಗಳನ್ನೂ ಕೆಡಿಸಿತ್ತು. ಯಾಕೆಂದು ತಿಳಿಯಲು ಶಹಾಬಾದಿಗೇ ಹೋಗಬೇಕಾಯಿತು. ಅಂಗಡಿಯವರು ನನ್ನ ಡಬ್ಬಿ ತೊಳೆದು, ತಳಕ್ಕೆ ಒಂದು ಹಿಡಿ ಉಪ್ಪು, ಸ್ವಲ್ಪ ನೀರು ಹಾಕಿ, ಅದರ ಮೇಲೆ ರಕ್ತ ಹಿಡಿದಿದ್ದರು. ನಮ್ಮ ಕಡೆ ರಕ್ತ ಒಯ್ಯುವವರು ಪಲ್ಯ ಮಾಡಲು ಒಯ್ಯುತ್ತಾರೆ, ಉಪ್ಪು ಹಾಕದೆ ಕೊಟ್ಟರೆ ಗಟ್ಟಿಯಾಗುತ್ತದೆ ಎಂದು ಬೈಸಿಕೊಳ್ಳಬೇಕಾಗುತ್ತದೆ.

‘ನಿಮಗಂತ ಒಂದು ಮುಟಗಿ ಜಾಸ್ತೀನೇ ಹಾಕಿದ್ದೆ ಮೇಡಂ,’ ಎಂದರು ಪಾಪ.

ಅಷ್ಟು ಉಪ್ಪಿಗೆ ಯಾವ ಜೆಲ್ಲೂ ನೆಟ್ಟಗೆ ಓಡುವುದಿಲ್ಲ. ಆಮೇಲಿನ ಸಲ ನಾನೇ ನಳಿಕೆ ಹಿಡಿದು ನಿಂತೆ. ಆದರೆ ಪ್ರಯೋಗಾಲಯದಲ್ಲಿ ‘ನಿಮ್ಮೂರಿನ ಉಪ್ಪು’ ಎಂಬ ಹಾಸ್ಯ ನನ್ನ ಬೆನ್ನು ಹತ್ತಿತು.

ಎರಡನೆಯ ಫಿಲ್ಮ್ ಎಲ್ಲರ ಬಾಯಿ ಮುಚ್ಚಿಸುವಷ್ಟು ಚೆನ್ನಾಗಿ ಬಂತು. ಓತಿಕ್ಯಾತದ ಸಾಲಿನಲ್ಲಿ ಅಲ್ಬುಮಿನ್ ಒಂದೇ. ಗೊದಮೊಟ್ಟೆಯಲ್ಲಿ ಎರಡು, ಕೋಳಿಯಲ್ಲಿ ಎರಡು, ಆಡಿನಲ್ಲಿ ಮೂರು. ಖುಷಿಯಿಂದ ಕೊನೆಯ ಸಾಲಿಗೆ ಕಣ್ಣು ಹಾಯಿಸಿದೆ. ಮನುಷ್ಯನ ಸಾಲಿನಲ್ಲಿ ಎರಡೇ ಗೆರೆ. ಎಲ್ಲಕ್ಕಿಂತ ದಟ್ಟವಾಗಿ ಮೂಡಬೇಕಿದ್ದ ಮೂರನೆಯ ಗೆರೆಯ ಜಾಗದಲ್ಲಿ ಏನೂ ಇಲ್ಲ.

‘ಇದರಲ್ಲಿ ಎಷ್ಟು ಉಪ್ಪು ಹಾಕಿದ್ದಾರೆ?’ ಎಂದರು ಮಾರ್ಗದರ್ಶಕರು. ಮೈಸೂರು ಕಡೆಯವರು, ಬಹಳ ಮೆಲ್ಲಗೆ ಚುಚ್ಚುತ್ತಾರೆ. ಮನುಷ್ಯನ ಸಾಲೇ ಸರಿ ಬಾರದಿದ್ದರೆ ಉಳಿದ ಸಾಲುಗಳನ್ನು ಯಾರು ನಂಬುತ್ತಾರೆ? ಮತ್ತೆ ಓಡಿಸಿದೆ. ಮತ್ತೆ ಎರಡೇ. ಜೆಲ್ಲಿನ ದ್ರಾವಣ ಹೊಸದಾಗಿ ಮಾಡಿದೆ, ವೋಲ್ಟೇಜ್ ಇಳಿಸಿದೆ. ಫಿಲ್ಮಿನ ಮೇಲೆ ಆ ಜಾಗ ಬೋಳಾಗಿಯೇ ಉಳಿಯಿತು. ಸೀರಂ ಹಳಸಿರಬೇಕು, ಬೇರೊಬ್ಬರದ್ದು ತನ್ನಿ ಎಂದರು.

ಸೇಡಂಗೆ ಬಂದು ಚಾಲಕನಿಗೆ ‘ಇನ್ನೊಬ್ಬ ಗಂಡಸು ಬೇಕಪ್ಪ’ ಎಂದೆ. ಅವನು ಒಂದು ಬೆಳಿಗ್ಗೆ ಟಂಟಂನಿಂದ ಒಬ್ಬರು ಮುದುಕರನ್ನು ಇಳಿಸಿದ. ತಲೆಗೆ ಕೆಂಪು ರುಮಾಲು, ಬೆತ್ತದಂಥ ಮೈ. ‘ಕುಂಚಾವರಂ ಕಡೀದಿಂದ ಬಂದಾರ್ರಿ,’ ಎಂದ. ನನಗೆ ಸಮಾಧಾನವಾಯಿತು. ಭಂಕೂರ ಎಲ್ಲಿ, ತೆಲಂಗಾಣದ ಗಡಿಯ ಕುಂಚಾವರಂ ಎಲ್ಲಿ. ಪೂರಾ ಬೇರೆ ಮನುಷ್ಯ, ಬೇರೆ ಊರು.

ಮುದುಕರು ಸೂಜಿ ನೋಡಿ ನಕ್ಕರು. ‘ಕಾಡಿನಾಗ ಮುಳ್ಳು ಇದಕಿಂತ ದೊಡ್ಡವು ಇರ್ತಾವಮ್ಮ. ಆಡು ಕಾಯ್ತೀನಿ, ದಿನಾ ಗುಡ್ಡ ಹತ್ತಿ ಇಳೀತೀನಿ. ಇಂದಿನತನಕ ಒಂದು ಗುಳಗಿ ನುಂಗಿಲ್ಲ.’

ಅವರ ಸೀರಂ ಐಸಿನಲ್ಲಿ ಇಟ್ಟುಕೊಂಡು ವಾಡಿ ಸ್ಟೇಷನ್ನಿಗೆ ಹೊರಟಾಗ ಚಾಲಕನ ಕಡೆ ಸರಿಯಾಗಿ ನೋಡಿದೆ. ಮಳೆಗಾಲದಲ್ಲಿ ನೋಡಿದವನು ಈಗ ಅರ್ಧ ಆಗಿದ್ದ. ಚಳಿಗಾಲದಲ್ಲೂ ಕುತ್ತಿಗೆಯಲ್ಲಿ ಬೆವರು. ಚಹಾಕ್ಕೆ ನಿಲ್ಲಿಸಿದಾಗ ಬಶಿ ಮುಟ್ಟಲಿಲ್ಲ. ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದು, ಬಗ್ಗಿ, ತುಟಿಯನ್ನೇ ಗ್ಲಾಸಿನ ಹತ್ತಿರ ಒಯ್ದ. ಆದರೂ ಅಂಗಿಯ ಮೇಲೆ ಚೆಲ್ಲಿತು.

‘ಏನಾಗ್ಯದೋ ನಿನಗ?’

‘ಎದಿ ಢವಢವ ಹೊಡಕೋತದ್ರಿ. ಗಾಡಿ ಎಂಜಿನಕಿಂತ ಜೋರು. ಕೈ ನಡಗ್ತಾವ, ನಿದ್ದಿ ಇಲ್ಲ. ದವಾಖಾನಿಗಿ ತೋರ್ಸಾಕತ್ತೀನಿ, ಗುಳಗಿ ಕೊಟ್ಟಾರ.’ ಗ್ಲಾಸು ಕೆಳಗಿಟ್ಟ. ‘ಗಾಡಿ ಮಾರಿಬಿಡ್ತೀನ್ರಿ ಅಕ್ಕೋರೆ. ಮಾತು ಆಗ್ಯದ. ಬ್ರೇಕಿನ ಮ್ಯಾಲ ಕಾಲಿಟ್ರ ಕಾಲೂ ನಡಗ್ತದ. ಹಿಂದ ಸಾಲಿ ಹುಡುಗ್ರು, ಹೆಣ್ಮಕ್ಕಳು ಕುಂತಿರ್ತಾರ. ಏನರಾ ಆದ್ರ ಯಾರು ಜವಾಬು?’

ಬಿಪಿಯ ಮಾತ್ರೆ ಇರಬೇಕೆಂದುಕೊಂಡೆ. ರೈಲು ಬಂದಿತ್ತು, ಕೇಳಲಿಲ್ಲ. ಟಂಟಂ ಬಿಟ್ಟರೆ ಅವನಿಗೆ ಬೇರೆ ಕೆಲಸ ಬಾರದು ಎಂಬುದು ರೈಲಿನುದ್ದಕ್ಕೂ ಕೊರೆಯಿತು.

ಮುದುಕರ ಸೀರಂ ಓಡಿಸಿದೆ. ಎರಡೇ ಗೆರೆ.

ಸಿಟ್ಟು ಬಂದು ಫಿಲ್ಮನ್ನು ಮೇಜಿನ ಮೇಲೆ ಒಗೆದೆ. ಎರಡು ಬೇರೆ ಊರಿನ ಇಬ್ಬರು ಗಂಡಸರಲ್ಲೂ ಇಲ್ಲ ಎಂದರೆ ನನ್ನ ವಿಧಾನದಲ್ಲೇ ದೋಷ. ಆದರೆ ಅದೇ ಜೆಲ್ಲಿನಲ್ಲಿ ಆಡಿಗೆ ಮೂರು ಗೆರೆ ಚೆಂದವಾಗಿ ಬಂದಿವೆಯಲ್ಲ? ಮಾರ್ಗದರ್ಶಕರೂ ತಾಳ್ಮೆ ಕಳೆದುಕೊಂಡಿದ್ದರು. ಕನ್ನಡಕ ತೆಗೆದಿಟ್ಟು, ಅಂಗಿಯ ತೋಳು ಮಡಚಿ, ‘ನನ್ನದೇ ತೆಗೆಯಿರಿ. ನನಗೆ ಉಪ್ಪು ವೈದ್ಯರೇ ಬಿಡಿಸಿದ್ದಾರೆ’ ಎಂದರು.

ಅವರ ಸಾಲಿನಲ್ಲಿ ಮೂರನೆಯ ಗೆರೆ ಕಾಡಿಗೆ ತೀಡಿದ ಹಾಗೆ ಮೂಡಿತ್ತು.

ಜೆಲ್ ಸರಿಯಾಗಿದೆ, ನಾನೂ ಸರಿಯಾಗಿದ್ದೇನೆ. ಹಾಗಾದರೆ ಆ ಇಬ್ಬರ ರಕ್ತದಲ್ಲಿ ನಿಜವಾಗಿಯೂ ಆ ಪ್ರೋಟೀನು ಇಲ್ಲ. ಅಂಥ ಜನ ಇರುತ್ತಾರೆ ಎಂದು ಓದಿದ್ದೆ, ಅಪರೂಪ ಎಂದೂ ಓದಿದ್ದೆ. ಒಬ್ಬರು ಸಿಕ್ಕರೆ ಅಪರೂಪ, ಇಬ್ಬರು ಸಿಕ್ಕರೆ ಏನು? ಮಾರ್ಗದರ್ಶಕರು ಮಾತ್ರ ನಿರಾಳವಾಗಿದ್ದರು. ‘ಇಬ್ಬರನ್ನೂ ಕೈಬಿಡಿ. ಬೇರೆ ನಾಲ್ಕು ಜನರದ್ದು ಓಡಿಸಿ ಮುಗಿಸಿ. ನಾವು ವೈದ್ಯರಲ್ಲ, ನಮ್ಮ ಜೆಲ್ ರೋಗ ಹೇಳುವ ಪರೀಕ್ಷೆಯಲ್ಲ. ಅವರಿಗೆ ಹೇಳಿ ಗಾಬರಿ ಮಾಡಬೇಡಿ.’ ಅವರ ಮಾತಿನಲ್ಲಿ ತಪ್ಪಿರಲಿಲ್ಲ. ತಲೆಯಾಡಿಸಿ ರೈಲು ಹತ್ತಿದೆ.

ವಾಡಿಯಲ್ಲಿ ಚಾಲಕ ಕಾದಿದ್ದ. ನಾನೊಬ್ಬಳೇ ಸವಾರಿ. ಸಿಮೆಂಟಿನ ಲಾರಿಗಳು ಸಾಲುಗಟ್ಟಿದ್ದ ರಸ್ತೆಯಲ್ಲಿ ಗಾಡಿ ಅಂಚಿಗೆ ಹಾಕಿ ನಿಂತೆವು. ಸುಮ್ಮನೆ ಮಾತಿಗೆಂದು ಕೇಳಿದೆ: ‘ಆ ಕುಂಚಾವರಂ ಮುತ್ತ್ಯಾ ನಿನಗ ಹ್ಯಾಂಗ ಸಿಕ್ಕರೋ? ನಿನ್ನ ಸವಾರಿಯೇನು?’

ಅವನು ತಿರುಗಿ ನೋಡಿದ. ‘ಸವಾರಿ ಅಲ್ರಿ! ನಮ್ಮ ಅವ್ವನ ಖಾಸ್ ಅಣ್ಣ. ನನ್ನ ಸೋದರಮಾವ.’

‘ಮತ್ತ ಮೊದಲೇ ಯಾಕ ಹೇಳಲಿಲ್ಲ?’

‘ಇದ್ರಾಗ ಹೇಳೂದೇನದ? ರಕ್ತ ಅಂದಮ್ಯಾಲ ಹೊರಗಿನ ಮಂದಿಗಿ ಹ್ಯಾಂಗ ಕೇಳ್ಬೇಕ್ರಿ? ಮನಿ ಮಂದೀಗೇ ಕೇಳ್ಬೇಕಲ್ಲ. ಫೋನ್ ಮಾಡ್ದೆ, ಮಾಮಾ ಬಸ್ ಹತ್ತಿ ಬಂದ.’

ನಮ್ಮಲ್ಲಿ ದವಾಖಾನೆಗೆ ರಕ್ತ ಬೇಕೆಂದರೂ ಹೀಗೇ: ಅಣ್ಣ, ತಮ್ಮ, ಮಾವ, ಅಳಿಯ ಬಂದು ಸಾಲಾಗಿ ನಿಲ್ಲುತ್ತಾರೆ. ಪರರ ಮುಂದೆ ಕೈ ಚಾಚುವುದಿಲ್ಲ. ಇದೇ ನೆಲದವಳಾಗಿ ನನಗದು ಹೊಳೆಯಲಿಲ್ಲ, ಊರು ದೂರ ಎಂದು ಸಂಬಂಧವೂ ದೂರ ಅಂದುಕೊಂಡಿದ್ದೆ. ಆ ಮೂರನೆಯ ಪ್ರೋಟೀನಿನ ವಂಶವಾಹಿ ಎಕ್ಸ್ ವರ್ಣತಂತುವಿನ ಮೇಲಿದೆ, ಗಂಡುಮಕ್ಕಳಿಗೆ ತಾಯಿಯಿಂದಷ್ಟೇ ಬರುತ್ತದೆ. ಸೋದರಮಾವ, ಸೋದರಳಿಯ. ಅಜ್ಜಿಯಿಂದ ಮಾವನಿಗೆ, ಅವ್ವನ ಮೂಲಕ ಇವನಿಗೆ. ಎಲ್ಲ ಒಂದೇ ಏಟಿಗೆ ಕೂಡಿಕೊಂಡಿತು. ಅದರ ಹಿಂದೆಯೇ ಅವನ ನಡುಗುವ ಕೈ ಕಂಡಿತು.

‘ನಿನಗ ಯಾರರಾ ಥೈರಾಯ್ಡ್ ಅಂತ ಹೇಳ್ಯಾರೇನು?’

ಅವನು ಅಂಗಿಯ ಕಿಸೆಯಿಂದ ಮಾತ್ರೆಯ ಪಟ್ಟಿ ತೆಗೆದ. ಥೈರಾಕ್ಸಿನ್, ಅದೇ ಥೈರಾಯ್ಡ್ ಹಾರ್ಮೋನು. ಮಳೆಗಾಲ ಮುಗಿಯುವಾಗ ಯಾವುದೋ ತಪಾಸಣಾ ಶಿಬಿರದಲ್ಲಿ ರಕ್ತ ನೋಡಿ, ಹಾರ್ಮೋನು ಭಾಳ ಕಡಿಮೆ ಇದೆ ಎಂದು ಶುರು ಮಾಡಿದ್ದರಂತೆ. ‘ಡೋಸ್ ಏರ್ಸಾಕತ್ತಾರ್ರಿ. ಏರ್ಸಿದ್ರೂ ರಿಪೋರ್ಟಿನಾಗ ಮ್ಯಾಲ ಬರವಲ್ದು. ಮತ್ತ ಏರ್ಸೂಣು ಅಂದಾರ.’

ಬರುವುದಾದರೂ ಹೇಗೆ? ಆ ಪರೀಕ್ಷೆ ರಕ್ತದ ಒಟ್ಟು ಹಾರ್ಮೋನನ್ನು ಅಳೆಯುತ್ತದೆ. ಅದರಲ್ಲಿ ಬಹುಪಾಲು ಪ್ರೋಟೀನುಗಳ ಹೆಗಲ ಮೇಲಿರುವುದು. ದೊಡ್ಡ ಹೆಗಲೇ ಇಲ್ಲದವನಲ್ಲಿ ಒಟ್ಟು ಲೆಕ್ಕ ಯಾವಾಗಲೂ ಕಡಿಮೆಯೇ. ಜೀವಕೋಶಕ್ಕೆ ಬೇಕಾದದ್ದು ಹೆಗಲಿನಿಂದ ಇಳಿದ ಹಾರ್ಮೋನು, ಅದು ಸರಿಯಾಗಿಯೇ ಇರುತ್ತದೆ. ಕೋಳಿ ಆ ಹೆಗಲಿಲ್ಲದೆ ಬದುಕಿದೆ, ಓತಿಕ್ಯಾತ ಎರಡನೆಯದೂ ಇಲ್ಲದೆ ಬೇಲಿ ಮೇಲೆ ಕೂತು ತಲೆಯಾಡಿಸುತ್ತದೆ. ಮಾವ ಈ ವಯಸ್ಸಿನಲ್ಲೂ ಗುಡ್ಡ ಹತ್ತುತ್ತಿದ್ದಾರೆ. ಖಡಕ್ ಇದ್ದವನಿಗೆ ಮಾತ್ರೆ ತಿನ್ನಿಸಿ ತಿನ್ನಿಸಿ ಹಾರ್ಮೋನು ಹೆಚ್ಚು ಮಾಡಿ ಎದೆ ಹೊಡೆದುಕೊಳ್ಳುವ ಹಾಗೆ ಮಾಡಿದ್ದಾರೆ. ಹಾಗಂತ ನನ್ನ ಊಹೆ. ಊಹೆ ತಪ್ಪಾದರೆ?

ಗಾಬರಿ ಮಾಡಬೇಡಿ ಎಂದಿದ್ದರು ಮಾರ್ಗದರ್ಶಕರು. ಆದರೆ ಅವನು ಆಗಲೇ ಗಾಬರಿಯಲ್ಲಿದ್ದ, ಗಾಡಿ ಮಾರಲು ಹೊರಟಿದ್ದ. ತಿಳಿದೂ ಬಾಯಿ ಮುಚ್ಚಿಕೊಂಡು ಅದೇ ಗಾಡಿಯಲ್ಲಿ ಕುಳಿತು ಸೇಡಂಗೆ ಹೋಗಲು ನನ್ನಿಂದ ಆಗಲಿಲ್ಲ. ಅವನಿಗೆ ತಿಳಿಯುವ ಹಾಗೆ ಹೇಳಿದೆ.

‘ನೋಡು, ಹಾರ್ಮೋನು ಅಂದ್ರ ಸವಾರಿ ಅಂತ ತಿಳಕೋ. ಸ್ಟ್ಯಾಂಡಿನಾಗ ಎಷ್ಟು ಮಂದಿ ಗಾಡಿ ಒಳಗ ಕುಂತಾರ ಅಂತ ಎಣಿಸ್ಯಾರ. ನಿನ್ನ ಊರಾಗ ಒಂದು ದೊಡ್ಡ ಗಾಡಿನೇ ಇಲ್ಲ, ಅದಕ್ಕ ಕುಂತವರು ಕಮ್ಮಿ. ಆದ್ರ ಮನಿಗಿ ಮುಟ್ಟೋ ಮಂದಿ ಬರೋಬ್ಬರಿ ಅದಾರ. ಅದು ತಿಳೀದೆ ಮತ್ತ ಮತ್ತ ಮಂದಿ ತಂದು ಸುರೀಲಿಕತ್ತಾರ. ಹೀಂಗ ಅಂತ ನನಗ ಸಂಶಯ.’

ಅವನು ಮಾತ್ರೆಯ ಪಟ್ಟಿಯನ್ನು ಹೊರಗೆ ಎಸೆಯಲು ಕೈ ಎತ್ತಿದ. ಮುಂಗೈ ಹಿಡಿದುಕೊಂಡೆ. ‘ಬಿಡಬ್ಯಾಡ. ನಾ ಡಾಕ್ಟರ್ ಅಲ್ಲ. ದೊಡ್ಡ ಡಾಕ್ಟರ್ ನೋಡಿ ಹೇಳೋತನ ನೀನಾಗೇ ಏನೂ ಮಾಡಬ್ಯಾಡ. ಗಾಡೀನೂ ಮಾರಬ್ಯಾಡ.’ ಹಿಡಿದ ಮುಂಗೈಯಲ್ಲಿ ನಾಡಿ ಓಡುತ್ತಿತ್ತು.

ಕಲಬುರಗಿಯ ಗ್ರಂಥಿ ತಜ್ಞರ ಮುಂದೆ ಫಿಲ್ಮ್ ಹಿಡಿದು ಕುಳಿತು ಮೊದಲಿನಿಂದ ಎಲ್ಲ ಹೇಳತೊಡಗಿದೆ. ಅವರು ನಡುವಯಸ್ಸಿನ ಹೆಂಗಸು, ಗಡಿಬಿಡಿಯಲ್ಲಿದ್ದರು. ಓತಿಕ್ಯಾತ ಎಂದ ಕೂಡಲೇ ಹುಬ್ಬೇರಿಸಿದರು. ಮಾವ ಮತ್ತು ಅಳಿಯನ ಸಾಲುಗಳನ್ನು ಬೆರಳಿಟ್ಟು ತೋರಿಸಿದ ಮೇಲೆ ಫಿಲ್ಮನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ‘ಇದರ ಮ್ಯಾಲ ನಾ ಔಷಧ ಬರಿಯೂದಿಲ್ರಿ. ಆದ್ರ ಯಾವ ಪರೀಕ್ಷೆ ಮಾಡಬೇಕಂತ ಗೊತ್ತಾತು. ಮಾವನ್ನೂ ಕರಕೊಂಡು ಬರ್ರಿ,’ ಎಂದರು.

ಬಿಡಿ ಹಾರ್ಮೋನು ಎಷ್ಟು, ಗ್ರಂಥಿಗೆ ಕೆಲಸ ಹೇಳುವ ಮೆದುಳಿನ ಹಾರ್ಮೋನು ಎಷ್ಟು, ಎರಡನ್ನೂ ನೋಡಿದರು. ಮಾವನದು ಒಟ್ಟು ಲೆಕ್ಕ ತೀರಾ ಕಡಿಮೆ, ಉಳಿದ ಎರಡೂ ಸರಿಯಾಗಿದ್ದವು. ಚಾಲಕನಲ್ಲಿ ಬಿಡಿ ಹಾರ್ಮೋನು ಮಿತಿ ಮೀರಿತ್ತು. ಇನ್ನು ಸಾಕೆಂದು ಮೆದುಳು ಗ್ರಂಥಿಗೆ ಆಜ್ಞೆ ಕೊಡುವುದನ್ನೇ ನಿಲ್ಲಿಸಿಬಿಟ್ಟಿತ್ತು. ತಜ್ಞರು ಅವನ ಮಾತ್ರೆಯ ಪಟ್ಟಿ ತೆಗೆದುಕೊಂಡು ತಮ್ಮ ಡ್ರಾಯರಿಗೆ ಹಾಕಿದರು. ‘ಇದು ನಿಮಗ ಬೇಕಾಗಿರಲೇ ಇಲ್ಲ. ಎದಿ ತಹಬಂದಿಗಿ ಬರೋತನಕ ಗಾಡಿ ಹೊಡೀಬ್ಯಾಡ್ರಿ. ಕೆಲವು ವಾರ ಬಿಟ್ಟು ಮತ್ತ ನೋಡೂಣು.’

‘ನಾ ಸಾಯೂದಿಲ್ರಿ ಹಂಗಾದ್ರ?’ ಎಂದ ಅವನು. ಅವನ ಮನಸ್ಸಿನಲ್ಲಿ ಅಷ್ಟು ದಿನ ಇದ್ದದ್ದು ಗಾಡಿಯ ಚಿಂತೆಯಷ್ಟೇ ಅಲ್ಲ ಎಂದು ಆಗ ತಿಳಿಯಿತು.

ಮಾವ ಅಳಿಯನ ಬೆನ್ನಿಗೆ ಗುದ್ದಿ, ಗಡಿಯ ತೆಲುಗು ಬೆರೆಸಿ ಬೈದರು. ‘ನನ್ನ ಮುಂದ ಸಾಯೂ ಮಾತಾಡ್ತಿಯೇನೋ ಪಿಲ್ಲಗಾ!’

ಆ ವಾರಗಳು ನನಗೆ ಉದ್ದವಾದವು. ಮಾತ್ರೆ ಬಿಟ್ಟು ಅವನಿಗೆ ಏನಾದರೂ ಆದರೆ ಎಂಬ ಹೆದರಿಕೆ ಪಾಠದ ನಡುವೆಯೂ ಬಂದು ಕೂರುತ್ತಿತ್ತು. ಮರುಪರೀಕ್ಷೆಯ ದಿನ ತಜ್ಞರೇ ಫೋನ್ ಮಾಡಿ ‘ಎಲ್ಲಾ ಬರೋಬ್ಬರಿ ಅದ ರೀ’ ಎಂದಾಗ ನಾನು ಸ್ಟಾಫ್ ರೂಮಿನಲ್ಲೇ ಕುರ್ಚಿಗೆ ಒರಗಿ ಜೋರಾಗಿ ಉಸಿರು ಬಿಟ್ಟೆ. ಪಕ್ಕದವರು ಸಂಬಳ ಏರಿತೇನೋ ಎಂದು ಕೇಳಿದರು.

ಮಾರ್ಗದರ್ಶಕರಿಗೆ ಎಲ್ಲವನ್ನೂ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. ಅವರು ಕನ್ನಡಕ ಒರೆಸುತ್ತ ಕುಳಿತು, ‘ಆ ಎರಡು ಸಾಲು ಕೈಬಿಡಬೇಡಿ. ಮೂರನೆಯದು ಬಂದದ್ದು ತಡವಾಗಿ, ಇಲ್ಲದೆಯೂ ಬದುಕು ನಡೆಯುತ್ತದೆ ಎಂದು ಇದಕ್ಕಿಂತ ಚೆನ್ನಾಗಿ ಇನ್ನೇನು ಹೇಳೀತು? ಅವರು ಒಪ್ಪಿದರೆ ಪ್ರಬಂಧದಲ್ಲಿ ಸೇರಿಸಿ’ ಎಂದರು. ಮಾವ ಒಪ್ಪಿದರು. ಚಾಲಕನೂ ಒಪ್ಪಿದ, ಒಂದು ಶರತ್ತಿನ ಮೇಲೆ: ಚಿತ್ರದಲ್ಲಿ ಅವನ ಸಾಲು ಓತಿಕ್ಯಾತನ ಪಕ್ಕ ಬರಬಾರದು, ಮಾವನ ಪಕ್ಕ ಬರಬೇಕು. ಹಾಗೇ ಇಟ್ಟಿದ್ದೇನೆ.

ಪ್ರಬಂಧ ಒಪ್ಪಿಸಿ ಹೈದರಾಬಾದಿನಿಂದ ಹಿಂದಿರುಗಿದ ದಿನ ವಾಡಿ ಸ್ಟೇಷನ್ನಿನ ಹೊರಗೆ ಅದೇ ಟಂಟಂ ನಿಂತಿತ್ತು. ಹಿಂದೆ ಸವಾರಿಗಳು ತುಂಬಿದ್ದರು. ನನಗೆಂದು ಮುಂದೆ ಜಾಗ ಹಿಡಿದಿದ್ದ. ‘ಒಂದು ಚಾ ಕುಡದೇ ಹೋಗೂಣು ಅಕ್ಕೋರೆ’ ಎಂದ. ಹಿಂದಿನವರು ಜಲ್ದಿ ನಡಿಯೋ ಎಂದು ಗದ್ದಲ ಹಾಕಿದರು, ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಚಹಾ ಬಂತು. ನನ್ನ ಮುಖವನ್ನೇ ನೋಡುತ್ತ ಬಶಿಗೆ ಸುರಿಯತೊಡಗಿದ. ಸಾಕು ಎನ್ನುವಷ್ಟಾದ ಮೇಲೂ ಸುರಿದ, ಅಂಚಿನ ತನಕ. ಒಂದೇ ಅಂಗೈಯ ಮೇಲೆ ಬಶಿ ಇಟ್ಟುಕೊಂಡು ಇನ್ನೊಂದು ಕೈ ಆಡಿಸುತ್ತ ಊರ ಸುದ್ದಿ ಶುರು ಮಾಡಿದ.

ಅವನು ಹೇಳಿದ ಸುದ್ದಿ ಒಂದೂ ನನಗೆ ನೆನಪಿಲ್ಲ. ನಾನು ಬಶಿಯನ್ನೇ ನೋಡುತ್ತಿದ್ದೆ. ಕೊನೆಯ ಗುಟುಕಿನ ತನಕ ಒಂದು ಹನಿ ಚೆಲ್ಲಲಿಲ್ಲ.